ತೊಟ್ಟಿಲಿಗೆ ಮೊದಲು ಕಲ್ಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಅಂಬುಜಾಕ್ಷಿ ಮೇಡಂ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಯಂತ್ರ ವಿನ್ಯಾಸ ಕಲಿಸಿದವರು. ಕತೆ ಹೇಳುವವರ ಪೈಕಿಯಲ್ಲ. ಅಂದು ಹೇಳಿದರೆಂದರೆ ಅದಕ್ಕೆ ನನ್ನ ಪ್ರಶ್ನೆಯೇ ಕಾರಣ.

"ಮೇಡಂ, ಯೋಚನೆ ನನ್ನದು. ನಕ್ಷೆ ನನ್ನದು. ಮಾಡಿ ನಿಲ್ಲಿಸಿದವಳೂ ನಾನೇ. ಹಾಗಿರುವಾಗ ಇದರಲ್ಲಿ ಮೋನಪ್ಪಾಚಾರ್ ಸಾರ್ ಅವರಿಗೆ ಏನು ಕೆಲಸ?"

ನಾನು ಮಾಡಿದ್ದು ಮೆಟ್ಟಿಲು ಹತ್ತುವ ಕುರ್ಚಿ. ಮೆಟ್ಟಿಲಿನ ಪಕ್ಕದಲ್ಲೊಂದು ಹಳಿ, ಅದರ ಮೇಲೆ ಕುರ್ಚಿ, ಎಳೆಯಲು ಮೋಟಾರು. ಶನಿವಾರ ಕಾಲೇಜಿನ ವಾರ್ಷಿಕೋತ್ಸವ. ಪ್ರಿನ್ಸಿಪಾಲರ ತಾಯಿಗೆ ಎಂಬತ್ತೆರಡು ವರ್ಷ, ಮಂಡಿ ನೋವು. ಅವರು ನನ್ನ ಕುರ್ಚಿಯಲ್ಲಿ ಕೂತು ಮಹಡಿಯ ಸಭಾಂಗಣಕ್ಕೆ ಏರಿ ಬರುವುದೆಂದು ನಿಶ್ಚಯವಾಗಿತ್ತು. ಅಜ್ಜಿ ಆಗಲೇ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆಸಿ ಇಟ್ಟುಕೊಂಡಿದ್ದರಂತೆ.

ನಡುವೆ ಇದ್ದ ತೊಡಕು ಒಂದೇ. ಮನುಷ್ಯರು ಕೂರುವ, ನಿಲ್ಲುವ ಯಾವ ವಸ್ತುವೂ ಮೋನಪ್ಪಾಚಾರ್ ಅವರ ಸಹಿ ಇಲ್ಲದೆ ನಮ್ಮ ಕಾಲೇಜಿನಲ್ಲಿ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಅವರು ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಯಂತ್ರಗಳನ್ನು ವಿನ್ಯಾಸ ಮಾಡಿ ನಿವೃತ್ತರಾದವರು. ನನ್ನ ನಕ್ಷೆಯನ್ನು ಮೂರು ವಾರ ಇಟ್ಟುಕೊಂಡರು. ಸಹಿ ಮಾಡಲಿಲ್ಲ. ಪ್ರಶ್ನೆ ಬರೆದು ಕಳಿಸಿದರು. ಕೂತವರು ಹೆದರಿ ನಡುವೆಯೇ ಎದ್ದು ನಿಂತರೆ? ಸೆರಗು ಹಳಿಗೆ ಸಿಕ್ಕರೆ? ಅರ್ಧ ದಾರಿಯಲ್ಲಿ ಕರೆಂಟ್ ಹೋದರೆ? ಇನ್ನೂ ಒಂದು ತಿಂಗಳು ಬೇಕು ಎಂದರು.

"ಒಂದು ತಿಂಗಳು! ವಾರ್ಷಿಕೋತ್ಸವ ಮುಗಿದು ಶಾಮಿಯಾನದವರು ಕಂಬ ಕಿತ್ತುಕೊಂಡು ಹೋಗಿರ್ತಾರೆ ಮೇಡಂ," ಎಂದೆ. "ಹನ್ನೊಂದು ಸಲ ಹತ್ತಿದೆ, ಹನ್ನೊಂದು ಸಲ ಇಳಿದಿದೆ. ಒಂದು ಸಲವೂ ತಡವರಿಸಿಲ್ಲ. ಕೆಳಗೆ ನಿಂತು ಎಣಿಸಿದ್ದೇನೆ. ಸಾರ್ ಹೊಸದೇನನ್ನೂ ಸೇರಿಸಿಲ್ಲ. ಬರೀ ಪ್ರಶ್ನೆ."

ಮೇಡಂ ತಿದ್ದುತ್ತಿದ್ದ ಪುಸ್ತಕವನ್ನು ಮುಚ್ಚಿದರು.

"ಕೂತ್ಕೊ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ."

ಕೂತೆ. ಅವರು ಹೇಳಿದ್ದು ಇದು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಮದುವೆಯಾದ ಒಂಬತ್ತನೆಯ ವರ್ಷ ಅವಳಿಗೆ ಮಗುವಾಯಿತು. ಬಾಣಂತನ ತವರಿನಲ್ಲಿ.

ಜೋಲಿ ತೂಗುತ್ತಿದ್ದರೆ ಮಗು ಮಲಗುತ್ತಿತ್ತು. ತೂಗುವ ಕೈ ನಿಂತರೆ ಅಳುತ್ತಿತ್ತು. ಒಂದು ಮಧ್ಯಾಹ್ನ ವರ್ತಕ ಒಳಗೆ ಬಂದಾಗ ಮಗಳು ಕೂತಲ್ಲಿಯೇ ನಿದ್ದೆ ಹೋಗಿದ್ದಳು. ಕೈ ಮಾತ್ರ ಹಗ್ಗ ಎಳೆಯುತ್ತಲೇ ಇತ್ತು. ಅವನು ಆ ಕೈಯನ್ನು ನೋಡಿದ. ಗೋಡೆಯ ಗಡಿಯಾರದಲ್ಲಿ ಆಡುತ್ತಿದ್ದ ಲೋಲಕವನ್ನು ನೋಡಿದ. ಅವನಿಗೆ ಒಂದು ಯೋಚನೆ ಹೊಳೆಯಿತು.

ತಾನೇ ತೂಗಿಕೊಳ್ಳುವ ತೊಟ್ಟಿಲು. ಭಾರದ ಗುಂಡೊಂದು ಮೆಲ್ಲಗೆ ಇಳಿಯಬೇಕು. ಅದು ಇಳಿದಂತೆ ಹಲ್ಲಿನ ಚಕ್ರ ತಿರುಗಬೇಕು. ಚಕ್ರ ತೊಟ್ಟಿಲನ್ನು ತಳ್ಳಬೇಕು.

ಒಳ್ಳೆಯ ಯೋಚನೆ. ಅದರಲ್ಲಿ ಎರಡು ಮಾತಿಲ್ಲ.

ವರ್ತಕ ಅದನ್ನು ಕಾಗದದ ಮೇಲೆ ಬರೆದು ಊರಿನ ಹಿರಿಯ ಬಡಗಿಯ ಬಳಿಗೆ ಒಯ್ದ. ಆ ಬಡಗಿ ನಲವತ್ತು ವರ್ಷ ತೊಟ್ಟಿಲನ್ನೇ ಮಾಡಿದವನು. ಕಾಗದವನ್ನು ಬಹಳ ಹೊತ್ತು ನೋಡಿ ಕೇಳಿದ.

"ಇದು ನಿಲ್ಲುವುದು ಹೇಗೆ? ಮಗು ಕೈ ಹೊರಗೆ ಚಾಚಿದರೆ ಚಕ್ರ ಎಲ್ಲಿರುತ್ತದೆ? ಒಂದೇ ಮಗ್ಗುಲಿಗೆ ಹೊರಳಿದರೆ ಭಾರ ಯಾವ ಗೂಟದ ಮೇಲೆ ಬೀಳುತ್ತದೆ?"

"ಅದನ್ನೆಲ್ಲ ನೋಡಿಕೊಳ್ಳಲೆಂದು ತಾನೇ ನಿಮ್ಮ ಹತ್ತಿರ ಬಂದದ್ದು?"

"ನೋಡಿಕೊಳ್ಳುತ್ತೇನೆ. ಮೂರು ತಿಂಗಳು ಕೊಡಿ."

"ಮೂರು ತಿಂಗಳೇ! ಬರುವ ತಿಂಗಳು ನಾಮಕರಣ. ನೀವು ಮುಗಿಸುವಷ್ಟರಲ್ಲಿ ಮಗುವೇ ಎದ್ದು ಬಂದು ನಿಮ್ಮ ಉಳಿ ಹಿಡಿದೀತು."

ವರ್ತಕ ಕಾಗದ ಮಡಚಿಕೊಂಡು ಕಿರಿಯ ಬಡಗಿಯೊಬ್ಬನ ಬಳಿಗೆ ಹೋದ. ಇವನ ಕೈಚಳಕ ದೊಡ್ಡದು. ಕಾಗದದಲ್ಲಿ ಇದ್ದದ್ದನ್ನೆಲ್ಲ ಮಾಡಿದ. ಕಾಗದದಲ್ಲಿ ಇಲ್ಲದ್ದನ್ನು ಕೇಳಲಿಲ್ಲ. ಹನ್ನೆರಡು ದಿನಕ್ಕೆ ತೊಟ್ಟಿಲು ಮನೆಗೆ ಬಂತು. ಬೀಟೆ ಮರ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಎರಡು ಕಂಬಗಳ ನಡುವೆ ಎರಡು ಗೂಟಗಳ ಮೇಲೆ ಅದು ತೂಗುತ್ತಿತ್ತು.

ವರ್ತಕ ಅದನ್ನು ಪಡಸಾಲೆಯಲ್ಲಿ ನಿಲ್ಲಿಸಿ ಗುಂಡು ಏರಿಸಿದ. ಬೆಳಿಗ್ಗೆ ಹೊರಟ ತೊಟ್ಟಿಲು ಊಟದ ಹೊತ್ತಿನವರೆಗೂ ತೂಗಿತು. ನಿತ್ಯ ಹಾಗೆಯೇ ತೂಗಿತು. ನೋಡಲು ಬೀದಿಯ ಜನ ಬಂದರು.

ಮನೆಯಲ್ಲಿ ವರ್ತಕನ ಅಕ್ಕ ಇದ್ದಳು. ಅವಳಿಗೆ ಅದು ಸರಿಬರಲಿಲ್ಲ.

"ಖಾಲಿ ತೊಟ್ಟಿಲು ತೂಗಬಾರದು ಕಣೋ. ಮಗುವಿಗೆ ಒಳ್ಳೆಯದಲ್ಲ."

"ಯಾವ ಕಾಲದಲ್ಲಿದ್ದೀಯ ಅಕ್ಕ?" ಎಂದು ವರ್ತಕ ನಕ್ಕ.

ನಾಮಕರಣದ ದಿನ ಬಂತು. ಊರಿಗೆಲ್ಲ ಕರೆ ಹೋಯಿತು. ಹಿರಿಯ ಬಡಗಿಯನ್ನು ವರ್ತಕ ತಾನೇ ಹೋಗಿ ಕರೆದ. ಪ್ರೀತಿಯಿಂದಲ್ಲ. ಬಂದು ಕಣ್ಣಾರೆ ನೋಡಲಿ ಎಂದು.

ಹಿರಿಯ ಬಡಗಿ ಬಂದ. ಕಂಕುಳಲ್ಲಿ ಬಟ್ಟೆಯ ಗಂಟು. ತೊಟ್ಟಿಲಿಗೆ ಒಂದು ಸುತ್ತು ಬಂದ. ಗೂಟಗಳನ್ನು ಮುಟ್ಟಿ ನೋಡಿದ.

ಆ ಸೀಮೆಯಲ್ಲಿ ಒಂದು ಪದ್ಧತಿ. ಹೊಸ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ಒರಳಿನ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಕುಲಾವಿ ಕಟ್ಟಿ, ಕಾಡಿಗೆಯ ಬೊಟ್ಟಿಟ್ಟು, ಕೂಸೆಂದು ಮಲಗಿಸುತ್ತಾರೆ. ಒಂದು ಜೋಗುಳ ಹಾಡಿ ಕಲ್ಲನ್ನು ಎತ್ತುತ್ತಾರೆ. ಆಮೇಲೆ ಮಗು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಶಾಸ್ತ್ರ ಎನ್ನುತ್ತಾರೆ.

ಅಕ್ಕ ಮನೆಯ ಗುಂಡುಕಲ್ಲನ್ನು ತಂದಳು. ಹಿರಿಯ ಬಡಗಿ ಗಂಟು ಬಿಚ್ಚಿದ. ಅದರಲ್ಲೂ ಒಂದು ಗುಂಡುಕಲ್ಲು. ಕಪ್ಪಗೆ, ದೊಡ್ಡದಾಗಿತ್ತು.

"ಇದನ್ನು ಮಲಗಿಸಿ ತಾಯಿ."

ಹೆಂಗಸರು ನಕ್ಕರು. "ಯಾಕಜ್ಜ, ನಮ್ಮ ಮನೆಯಲ್ಲಿ ಒರಳಿಲ್ಲ ಅಂದುಕೊಂಡೆಯಾ?"

"ಇದ್ದೀತು ತಾಯಿ. ನಿಮ್ಮದು ಸೊರಗಿದ ಕೂಸು. ನನ್ನದು ಚೆನ್ನಾಗಿ ಉಂಡು ಬೆಳೆದದ್ದು."

ಇನ್ನೂ ನಕ್ಕರು. ನಗುನಗುತ್ತಲೇ ಅವನ ಕಲ್ಲಿಗೆ ಕುಲಾವಿ ಕಟ್ಟಿ ಮಲಗಿಸಿದರು. ತೊಟ್ಟಿಲು ತೂಗಿತು. ಒಂದು ಹಾಡು ಮುಗಿಯಿತು. ಅಕ್ಕ ಕಲ್ಲನ್ನು ಎತ್ತಲು ಬಾಗಿದಳು.

"ಇನ್ನೊಂದು ಹಾಡು ಹೇಳಿ," ಎಂದ ಹಿರಿಯ ಬಡಗಿ.

ಹೇಳಿದರು. ಅದು ಮುಗಿದ ಮೇಲೆ, "ಇನ್ನೊಂದು," ಎಂದ.

ವರ್ತಕನಿಗೆ ರೇಗಿತು. "ಮುಹೂರ್ತ ಮೀರುತ್ತಿದೆ. ಕಲ್ಲಿಗೆ ಎಷ್ಟು ಜೋಗುಳ ಹಾಡಿಸುತ್ತೀರಿ?"

ಮಗಳು ಮಗುವನ್ನು ಎತ್ತಿಕೊಂಡು ತೊಟ್ಟಿಲಿನ ಪಕ್ಕದಲ್ಲಿ ನಿಂತಿದ್ದಳು. "ಇರಲಿ ಬಿಡಿ ಅಪ್ಪ. ಅಜ್ಜನ ಕೂಸಿಗೆ ಇನ್ನೂ ನಿದ್ದೆ ಬಂದಿಲ್ಲ," ಎಂದಳು. ಮತ್ತೆ ನಗು. ಮೂರನೆಯ ಹಾಡು ಮುಗಿದು ನಾಲ್ಕನೆಯದು ಶುರುವಾಯಿತು.

ನಾಲ್ಕನೆಯ ಹಾಡಿನ ನಡುವೆ ಎಡಗಡೆಯ ಗೂಟ ಕಳಚಿತು.

ದೊಡ್ಡ ಸದ್ದೇನೂ ಆಗಲಿಲ್ಲ. ತೊಟ್ಟಿಲು ಒಂದು ಕಡೆಗೆ ವಾಲಿತು. ಕಲ್ಲು ಉರುಳಿ ಹೊರಗೆ ಬಿತ್ತು. ನೆಲದ ಚಪ್ಪಡಿ ಆ ಕಡೆಯಿಂದ ಈ ಕಡೆಗೆ ಸೀಳಿತು.

ಹಾಡು ಅರ್ಧಕ್ಕೆ ನಿಂತಿತು. ಕಲ್ಲಿಗೆ ಕಟ್ಟಿದ್ದ ಕುಲಾವಿ ಹಾಗೆಯೇ ಇತ್ತು. ಕಾಡಿಗೆಯ ಬೊಟ್ಟೂ ಹಾಗೆಯೇ ಇತ್ತು. ಆಗಿದ್ದು ಚಕ್ರಕ್ಕೆ ಮಾತ್ರ ತಿಳಿಯಲಿಲ್ಲ. ಅದು ಬರಿಯ ಗಾಳಿಯನ್ನು ತಳ್ಳುತ್ತಲೇ ಇತ್ತು.

ಮಗಳು ಮಗುವನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡಳೆಂದರೆ ಅದು ಅಳತೊಡಗಿತು. ಸುಮ್ಮನಿರು ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಆ ಅಳು ಎಲ್ಲರಿಗೂ ಬೇಕಾಗಿತ್ತು.

ತಪ್ಪು ಸಣ್ಣದು. ಚಕ್ರ ಒಂದೇ ಕಡೆಯಿಂದ ತಳ್ಳುತ್ತಿತ್ತು. ಭಾರವಿದ್ದಾಗ ಒಂದೊಂದು ಸಲ ತಳ್ಳಿದಾಗಲೂ ಗೂಟ ನೂಲೆಳೆಯಷ್ಟು ಸರಿಯುತ್ತಿತ್ತು. ಖಾಲಿ ಇದ್ದಾಗ ಸರಿಯುತ್ತಿರಲಿಲ್ಲ. ವರ್ತಕ ನೋಡಿದ್ದೆಲ್ಲ ಖಾಲಿ ತೊಟ್ಟಿಲನ್ನು.

ವರ್ತಕ ಹಿರಿಯ ಬಡಗಿಯತ್ತ ತಿರುಗಿದ.

"ಇದು ಬೀಳುತ್ತದೆಂದು ನಿಮಗೆ ಗೊತ್ತಿತ್ತು!"

"ಗೊತ್ತಿರಲಿಲ್ಲ ಸ್ವಾಮಿ."

"ಗೊತ್ತಿಲ್ಲದೆ ನಾಲ್ಕು ಹಾಡು ಹೇಳಿಸಿದಿರಾ?"

"ಗೊತ್ತಿಲ್ಲದ್ದಕ್ಕೇ ಹೇಳಿಸಿದೆ."

"ಇಷ್ಟು ಜನರಲ್ಲಿ ಯಾರಿಗೂ ಬಾರದ ಅನುಮಾನ ನಿಮಗೊಬ್ಬರಿಗೆ ಹೇಗೆ ಬಂತು?"

ಹಿರಿಯ ಬಡಗಿ ಬಾಗಿ ಕಲ್ಲಿನ ತಲೆಯಿಂದ ಕುಲಾವಿ ಬಿಚ್ಚಿದ. ಅದನ್ನು ಮಡಚಿ ಮಗಳ ಕೈಗೆ ಕೊಟ್ಟ.

"ನಾನು ಮಾಡಿದ ತೊಟ್ಟಿಲೂ ಒಮ್ಮೆ ಬಿದ್ದಿದೆ. ಆ ಮನೆಯಲ್ಲಿ ಒಂದೇ ಹಾಡಿಗೆ ಕಲ್ಲು ಎತ್ತಿದ್ದರು. ಬಿದ್ದಾಗ ಒಳಗೆ ಇದ್ದದ್ದು ಕಲ್ಲಲ್ಲ."

ಅಂದಿನಿಂದ ಅವನು ಯಾವ ಮನೆಯ ತೊಟ್ಟಿಲಿನ ಶಾಸ್ತ್ರಕ್ಕೆ ಹೋದರೂ ತನ್ನ ಕಲ್ಲನ್ನು ಹೊತ್ತುಕೊಂಡೇ ಹೋಗುತ್ತಿದ್ದ.

ವರ್ತಕ ಅದೇ ಕಾಗದವನ್ನು ಮತ್ತೆ ಅವನ ಕೈಯಲ್ಲಿಟ್ಟ. ಹಿರಿಯ ಬಡಗಿ ಮೂರು ತಿಂಗಳು ತೆಗೆದುಕೊಂಡ. ಗೂಟ ಸರಿಯದಂತೆ ಅದಕ್ಕೆ ತಲೆಯಿಟ್ಟು ಬೆಣೆ ಹೊಡೆದ. ಚಕ್ರವನ್ನು ಮಗುವಿನ ಕೈಗೆ ಎಟುಕದ ಪೆಟ್ಟಿಗೆಯೊಳಗೆ ಇಟ್ಟ. ಎರಡೂ ಕಡೆಯಿಂದ ತಳ್ಳುವಂತೆ ಮಾಡಿದ. ತಾಯಿ ಕೂತಲ್ಲಿಂದಲೇ ನಿಲ್ಲಿಸಲು ಒಂದು ಹಗ್ಗ ಬಿಟ್ಟ. ತೊಟ್ಟಿಲು ಸಿದ್ಧವಾಗುವ ಹೊತ್ತಿಗೆ ಮಗು ಹೊರಳಲು ಕಲಿತಿತ್ತು. ನೋಡಿದರೆ ತೊಟ್ಟಿಲಿನ ಅಂಚು ಆಗಲೇ ಒಂದು ಗೇಣು ಎತ್ತರವಾಗಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮಗಳು ಅಂದು ಮಲಗಿ ನಿದ್ದೆ ಮಾಡಿದಳು. ಕೈಯೂ ನಿದ್ದೆ ಮಾಡಿತು.

ಆ ಸೀಮೆಯಲ್ಲಿ ಇಂದಿಗೂ ಅದಕ್ಕೆ ವರ್ತಕನ ತೊಟ್ಟಿಲು ಎಂದೇ ಹೆಸರು. ಬಡಗಿಯ ಹೆಸರು ಯಾರಿಗೂ ನೆನಪಿಲ್ಲ.

ಮೇಡಂ ಅಷ್ಟಕ್ಕೆ ನಿಲ್ಲಿಸಿದರು.

ನನ್ನದು ಇಪ್ಪತ್ತೊಂದರ ವಯಸ್ಸು. ಸೋಲನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

"ಅದು ತೊಟ್ಟಿಲು ಮೇಡಂ. ನನ್ನದು ಕುರ್ಚಿ. ಹನ್ನೊಂದು ಸಲ ಹತ್ತಿದೆ."

ಅವರು ಪುಸ್ತಕವನ್ನು ಮತ್ತೆ ತೆರೆದು, ತಲೆ ಎತ್ತದೆಯೇ ಕೇಳಿದರು.

"ಆ ಹನ್ನೊಂದು ಸಲ ಅದರಲ್ಲಿ ಯಾರು ಕೂತಿದ್ದರಮ್ಮ?"

ಎದ್ದು ಹೋಗಿ ಮೋನಪ್ಪಾಚಾರ್ ಸಾರ್ ಬರೆದು ಕಳಿಸಿದ್ದ ಪ್ರಶ್ನೆಗಳನ್ನು ಮತ್ತೆ ಕೈಗೆತ್ತಿಕೊಂಡೆ.

ಶನಿವಾರ ಅಜ್ಜಿ ಹೊಸ ಸೀರೆ ಉಟ್ಟು ಬಂದರು. ಆಫೀಸಿನ ಮರದ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಅವರನ್ನು ಹೊತ್ತು ಮಹಡಿಗೆ ತಂದರು. ಕುರ್ಚಿಯ ಒಂದು ಕಾಲು ಹಿಡಿದವಳು ನಾನು.

ನಿಮಗೆ ಗೊತ್ತಿರುವ ಯಾರಾದರೂ ಹೊಸದೊಂದನ್ನು ಯೋಚಿಸಿ, ನಾಳೆಯೇ ಮಾಡಿಬಿಡುತ್ತೇನೆ ಎಂದು ಕುಣಿಯುತ್ತಿದ್ದರೆ ಅವರನ್ನು ಕೂರಿಸಿ ಈ ಕತೆ ಹೇಳಿ. ಚುಟುಕಾಗಿ ಹೇಳುವ ಅವಸರದಲ್ಲಿ ಆ ನಾಲ್ಕನೆಯ ಹಾಡನ್ನು ಮಾತ್ರ ಬಿಡಬೇಡಿ.