ನಾಯಿ ಕಚ್ಚಿದ ಪಾಳಿ

“ಅಜ್ಜಾರ, ಸರಕಾರಿ ದವಾಖಾನಿ ನಾವು ಇಟಗೋಬೇಕೋ, ಖಾಸಗಿಯವರ ಕೈಗೆ ಕೊಟ್ಟು ಬಿಡಬೇಕೋ?”

ಕೇಳಿದವಳು ಮಹಾನಂದಾ. ಪುರಸಭೆಯ ಸದಸ್ಯೆ, ಸಣ್ಣಂದಿನಿಂದ ಮಠಕ್ಕೆ ಬರುವವಳು. ಅವಳ ಊರಿನ ಸರಕಾರಿ ಆಸ್ಪತ್ರೆಯನ್ನು ತಾನು ನಡೆಸುತ್ತೇನೆಂದು ಒಂದು ಖಾಸಗಿ ಸಂಸ್ಥೆ ಮುಂದೆ ಬಂದಿತ್ತು. ಮರುದಿನ ಸಭೆ. ಕೊಡೋಣ ಎನ್ನುವವರು ಎಷ್ಟು ಜನವೋ ಬೇಡ ಎನ್ನುವವರೂ ಅಷ್ಟೇ ಜನ. ಅವಳ ಕೈ ಯಾವ ಕಡೆ ಎದ್ದರೆ ಆ ಕಡೆ ತೀರ್ಮಾನ. ಒಂದು ವಾರದಿಂದ ಎರಡೂ ಕಡೆಯವರು ಮನೆಗೆ ಬಂದು ಅವಳ ತಲೆ ತಿಂದಿದ್ದರು.

“ನಿನಗ ಏನ ಅನಸತೈತಿ?” ಎಂದರು ಮಠದ ಅಜ್ಜನವರು.

“ಕೊಡೂದೇ ಸರಿ ಅನಸತೈತ್ರಿ. ಅಲ್ಲಿ ಡಾಕ್ಟರ್ ಇರೂದಿಲ್ಲ, ಔಷಧ ಇರೂದಿಲ್ಲ ಅಂತಾರ. ಖಾಸಗಿಯೊಳಗ ಹೋದ ಕೂಡಲೇ ನೋಡ್ತಾರ.”

“ನೀನು ಅಲ್ಲಿಗೆ ಕಡೀ ಸಲ ಹೋಗಿದ್ದು ಯಾವಾಗ?”

“ಎರಡು ವರ್ಷ ಆತ್ರಿ. ನೀರಿನ ಟಾಕಿ ಉದ್ಘಾಟನೆ ಇತ್ತು. ಶಾಲು ಹೊದಿಸಿದ್ರು.”

ಅಜ್ಜನವರು ಹೂಂ ಎಂದರು. ಕತೆ ಹೇಳಲು ಶುರು ಮಾಡಿದರು.

ಒಂದು ಊರಿತ್ತು. ಅಲ್ಲಿ ಸರಕಾರದ್ದೊಂದು ಆಸ್ಪತ್ರೆ, ಒಬ್ಬ ವರ್ತಕನದ್ದೊಂದು ಆಸ್ಪತ್ರೆ. ಸರಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಹಲಗೆಯೊಂದಿತ್ತು. ಬಂದವರು ಅದರ ಈ ತುದಿಗೆ ಕೂರಬೇಕು. ಒಬ್ಬರು ಒಳಗೆ ಹೋದ ಹಾಗೆ ಉಳಿದವರು ಸರಿಯಬೇಕು. ಸರಿದು ಸರಿದು ಆ ತುದಿ ಮುಟ್ಟಿದರೆ ಡಾಕ್ಟರ ಕೋಣೆಯ ಬಾಗಿಲು. ಜನ ಅದನ್ನು ಪಾಳಿಯ ಹಲಗೆ ಎನ್ನುತ್ತಿದ್ದರು.

ವರ್ತಕ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಕತೆ ಮುಗಿಯುವ ಮೊದಲೇ ನೀನು ಅವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತೀ. ಅವನ ಹೆಂಡತಿ ಆ ಹಲಗೆಯ ಮೇಲೆ ಕೂತು, ಬಾರದ ಡಾಕ್ಟರನ್ನು ಕಾಯುತ್ತಲೇ ಜೀವ ಬಿಟ್ಟಿದ್ದಳು. ಕಾಯಿಸದಂಥ ಒಂದು ಆಸ್ಪತ್ರೆ ಕಟ್ಟುತ್ತೇನೆಂದು ಅವನು ಅವತ್ತೇ ನಿಶ್ಚಯ ಮಾಡಿದ. ಕಟ್ಟಿದ. ಅಲ್ಲಿ ಯಾರನ್ನೂ ಕಾಯಿಸುತ್ತಿರಲಿಲ್ಲ. ಕೊಡಲು ಕೈಲಾಗದವರು ಆ ಕಡೆ ಸುಳಿಯುತ್ತಿರಲಿಲ್ಲ, ಅಷ್ಟೇ.

ಊರಿನ ಗೌಡ ಅಲ್ಲಿಗೆ ಹೋದ. ಮಾಸ್ತರರು ಹೋದರು, ಅಂಗಡಿಯವರು ಹೋದರು, ಪತ್ರ ಬರೆಯಲು ಬರುವವರೆಲ್ಲ ಹೋದರು. ಹಲಗೆಯ ಮೇಲೆ ಉಳಿದವರು ಔಷಧ ಇಲ್ಲ ಎಂದರೆ ಹೌದ್ರೀ ಎನ್ನುವವರು, ನಾಳೆ ಬಾ ಎಂದರೆ ನಾಳೆ ಬರುವವರು. ಮೊದಲು ಮಾಡಿನ ಹಂಚು ಜಾರಿತು. ಕುಡಿಯುವ ನೀರಿನ ಗಡಿಗೆ ಒಡೆಯಿತು. ಹಲಗೆಯ ನಟ್ಟನಡುವೆ ಒಂದು ಮೊಳೆ ಎದ್ದಿತು. ಮೊದಲೇ ತಡವಾಗಿ ಬರುತ್ತಿದ್ದ ಡಾಕ್ಟರು ವಾರಕ್ಕೆ ಎರಡೇ ದಿನ ಬರತೊಡಗಿದರು.

ಗೌಡನಿಗೆ ಇದಾವುದೂ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಅವನು ಅಲ್ಲಿಗೆ ಬರುತ್ತಿರಲಿಲ್ಲ ಎಂದಲ್ಲ. ಆಸ್ಪತ್ರೆಯ ಸಮಿತಿಗೆ ಅವನೇ ಹಿರಿಯ. ವರ್ಷಕ್ಕೊಮ್ಮೆ ನೋಡಿ ಹೋಗುತ್ತಿದ್ದ. ಅವನು ಮೆಟ್ಟಿಲು ಹತ್ತಿದ ಕೂಡಲೇ ಹಲಗೆಯ ಮೇಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಜ್ವರ ಇದ್ದವರೂ ಏಳುತ್ತಿದ್ದರು, ಬಸುರಿಯರೂ ಏಳುತ್ತಿದ್ದರು. ಅದು ಆ ಊರಿನ ಮರ್ಯಾದೆ. ಗೌಡ ನೆಟ್ಟಗೆ ಒಳಗೆ ಹೋಗಿ, ಕುರ್ಚಿಯ ಮೇಲೆ ಕೂತು, ಚಹಾ ಕುಡಿದು, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿ ಹೋಗುತ್ತಿದ್ದ. ಎದ್ದ ಮೊಳೆ ಅವನಿಗೆ ತಾಗುವುದಾದರೂ ಹೇಗೆ? ಮರ್ಯಾದೆ ಕೊಟ್ಟೂ ಕೊಟ್ಟೂ ಜನ ಅವನ ಕಣ್ಣಿಗೆ ಪಟ್ಟಿ ಕಟ್ಟಿದ್ದರು.

ಆ ಆಸ್ಪತ್ರೆಯಲ್ಲಿ ಒಬ್ಬ ದಾದಿ ಇದ್ದಳು. ಹಟಮಾರಿ ಹೆಂಗಸು. ನಾಯಿ ಕಚ್ಚಿದರೆ ಕೊಡುವ ಸೂಜಿಮದ್ದನ್ನು ತಂಪಿನಲ್ಲಿ ಇಡಬೇಕು. ಆಸ್ಪತ್ರೆಯ ಫ್ರಿಜ್ ಕೆಟ್ಟು ಎಂಟು ತಿಂಗಳಾಗಿತ್ತು. ಅವಳು ಮೇಲಿನವರಿಗೆ ಬರೆದಳು, ಉತ್ತರ ಬರಲಿಲ್ಲ. ಮತ್ತೆ ಬರೆದಳು, ಬರಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಐಸ್‌ಕ್ಯಾಂಡಿ ಮಾಡುವವನ ಮನೆಗೆ ಹೋಗಿ ಐಸ್ ತಂದು, ಮುಚ್ಚಳದ ಪೆಟ್ಟಿಗೆಯಲ್ಲಿ ತುಂಬಿ, ಮದ್ದನ್ನು ಅದರಲ್ಲಿ ಇಡತೊಡಗಿದಳು. ಬಿಸಿಲು ಜೋರಾದ ದಿನ ಎರಡು ಸಲ ಹೋಗುತ್ತಿದ್ದಳು. ದಾರಿಯಲ್ಲಿ ಜನ ನಗುತ್ತಿದ್ದರು, ಯಾರ ಮದುವೆಗೆ ಶರಬತ್ತು ಮಾಡ್ತೀಯವ್ವಾ ಎಂದು. ಹುಚ್ಚುನಾಯಿದು ಎನ್ನುತ್ತಿದ್ದಳು ಅವಳು, ನಡಿಗೆ ನಿಲ್ಲಿಸದೆ.

ಹೀಗಿರುವಾಗ ಗೌಡ ಒಂದು ನಿರ್ಧಾರಕ್ಕೆ ಬಂದ. ಸರಕಾರಿ ಆಸ್ಪತ್ರೆಗೆ ಯಾರೂ ಹೋಗುವುದಿಲ್ಲವಲ್ಲ, ಮುಚ್ಚಿಬಿಡೋಣ. ಕಟ್ಟಡವನ್ನು ವರ್ತಕನಿಗೆ ಕೊಡೋಣ. ಅವನ ಆಸ್ಪತ್ರೆಯಲ್ಲಿ ಪ್ರತಿ ಸೋಮವಾರ ಬಡವರನ್ನು ಪುಕ್ಕಟೆ ನೋಡಲಿ. ವರ್ತಕ ಮನಸ್ಸಿನಿಂದಲೇ ಒಪ್ಪಿದ. ಮುಚ್ಚುವ ದಿನ ಗೊತ್ತಾಯಿತು. ಗೌಡನ ಮನೆಯಲ್ಲಿ ಹೊಸದೊಂದು ಬೀಗವೂ ಬಂದು ಕೂತಿತು.

ಯಾರೂ ಹೋಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ದಾದಿಗೆ ಮೈಯೆಲ್ಲ ಉರಿಯಿತು. ಅವತ್ತು ಬೆಳಗಿನಿಂದ ಅವಳು ಮೂವತ್ತು ಜನರ ಕೈ ಹಿಡಿದು ನೋಡಿದ್ದಳು. ಆಸ್ಪತ್ರೆ ಮುಚ್ಚಿದರೆ ಅವಳಿಗೇನೂ ನಷ್ಟವಿಲ್ಲ; ಇನ್ನೊಂದು ಊರಿಗೆ ವರ್ಗವಾಗುತ್ತದೆ. ಈ ಹಲಗೆಯ ಮೇಲಿನವರಿಗೆ ಎಲ್ಲಿಗೆ ವರ್ಗ? ಅವಳು ಗೌಡನ ಮನೆಗೆ ಹೋಗಿ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಮರುದಿನವೂ ಐಸ್ ತರಲು ಹೋದಳು.

ಮುಚ್ಚಲು ಇನ್ನು ಇಪ್ಪತ್ತು ದಿನ ಇತ್ತು. ಒಂದು ಬೆಳಗ್ಗೆ ಸಂತೆಯಲ್ಲಿ ಹುಚ್ಚುನಾಯಿ ನುಗ್ಗಿತು. ಮೊದಲು ಒಬ್ಬ ಅಗಸಗಿತ್ತಿಗೆ ಕಚ್ಚಿತು. ಆಮೇಲೆ ಬಳೆ ಮಾರುವವನಿಗೆ, ಇಟ್ಟಿಗೆ ಭಟ್ಟಿಯ ಆಳಿಗೆ, ಕುರಿ ಕಾಯುವ ಮುದುಕನಿಗೆ. ಐದನೆಯವನು ಗೌಡ. ಮೀನಖಂಡಕ್ಕೇ ಹಲ್ಲು ಹಾಕಿತ್ತು.

ಗೌಡನನ್ನು ವರ್ತಕನ ಆಸ್ಪತ್ರೆಗೆ ಒಯ್ದರು. ವರ್ತಕ ಗಾಯ ನೋಡಿ ಮುಖ ಸಣ್ಣದು ಮಾಡಿದ. “ಗೌಡ್ರ, ಈ ಮದ್ದು ನಾನು ಇಡೂದಿಲ್ಲ. ಯಾವಾಗರೆ ಒಮ್ಮೆ ಬೇಕಾಗತೈತಿ, ಅಷ್ಟರೊಳಗ ಕೆಟ್ಟು ಹೋಗತೈತಿ. ಸರಕಾರಿ ದವಾಖಾನಿಗೇ ನಡೀರಿ,” ಎಂದ. ತಾನೇ ಗಾಡಿಯಲ್ಲಿ ಕೂರಿಸಿಕೊಂಡು ಹೊರಟ.

ಅಲ್ಲಿ ಉಳಿದ ನಾಲ್ವರೂ ಮೊದಲೇ ಬಂದಿದ್ದರು. ದಾದಿ ಅವರ ಗಾಯಗಳನ್ನು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಹಚ್ಚಿ, ಕಾಲು ಕಾಲು ಗಂಟೆ ತೊಳೆದಿದ್ದಳು. ಅದೃಷ್ಟಕ್ಕೆ ಅದು ಡಾಕ್ಟರು ಬರುವ ದಿನ. ನಾಲ್ವರೂ ಹಲಗೆಯ ಮೇಲೆ ಕೂತಿದ್ದರು. ಗೌಡ ಕುಂಟುತ್ತ ಮೆಟ್ಟಿಲು ಹತ್ತಿದ. ನಾಲ್ವರೂ ಎದ್ದರು. ಅಗಸಗಿತ್ತಿಯ ಕಾಲಿನಿಂದ ಇನ್ನೂ ರಕ್ತ ಜಿನುಗುತ್ತಿತ್ತು, ಅವಳೂ ಎದ್ದಳು.

ಗೌಡ ಮನಸ್ಸು ಮಾಡಿದರೆ ಸಂಜೆಯೊಳಗೆ ದಾದಿಯ ಕೆಲಸ ಹೋಗುತ್ತದೆ. ಅವಳು ಮೊದಲು ಅವನನ್ನು ನಲ್ಲಿಯ ಹತ್ತಿರ ಕರೆದೊಯ್ದಳು. ಮೊಣಕಾಲೂರಿ ಕೂತು ಅವನ ಕಾಲನ್ನೂ ಅಷ್ಟೇ ಹೊತ್ತು, ಅಷ್ಟೇ ಜತನದಿಂದ ತೊಳೆದಳು. ತಿರುಗಿ ಬಂದಾಗ ನಾಲ್ವರೂ ಇನ್ನೂ ನಿಂತೇ ಇದ್ದರು.

“ಎಲ್ಲಾರೂ ಕೂಡ್ರಿ,” ಎಂದಳು. ಆಮೇಲೆ ಗೌಡನ ಕಡೆ ತಿರುಗಿ, “ನಾಯಿ ಕಚ್ಚಿದ ಪಾಳಿಯೊಳಗ ಕೂಡ್ರಿ ಗೌಡ್ರ. ಮೊದಲು ಕಚ್ಚಿದ್ದು ಈಕೀಗೆ, ಮೊದಲು ಸೂಜೀನೂ ಈಕೀಗೇ,” ಎಂದಳು.

ಗೌಡ ಅವಳನ್ನು ನೋಡಿದ. ಅವಳು ಕಣ್ಣು ಕೆಳಗೆ ಮಾಡಲಿಲ್ಲ. ಕಾಲು ಸೆಳೆಯುತ್ತಿತ್ತೋ, ಭಯವಾಗಿತ್ತೋ, ಗೌಡ ಹಲಗೆಯ ಈ ತುದಿಗೆ ಕೂತ.

ಅಗಸಗಿತ್ತಿ ಒಳಗೆ ಹೋದಳು. ಎಲ್ಲರೂ ಸರಿದರು, ಗೌಡನೂ ಸರಿದ. ಬಳೆಗಾರ ಒಳಗೆ ಹೋದ, ಮತ್ತೆ ಸರಿದರು. ಆಗ ಪರ್ ಎಂದು ಗೌಡನ ಧೋತರ ಹರಿಯಿತು, ತೊಡೆ ಗೀರಿತು. ಪಕ್ಕದ ಮುದುಕ, “ಅಲ್ಲೊಂದು ಮೊಳಿ ಐತ್ರಿ, ಎತ್ತಿ ಎತ್ತಿ ಸರೀಬೇಕು,” ಎಂದು ಕಲಿಸಿಕೊಟ್ಟ. ಗೌಡ ನೀರು ಕೇಳಿದ. ಗಡಿಗೆ ಇರಲಿಲ್ಲ. ತಲೆಯೆತ್ತಿದ. ಹಂಚಿನ ನಡುವೆ ಆಕಾಶ ಕಂಡಿತು.

ಪಾಳಿ ಬಂದಾಗ ದಾದಿ ಅವನಿಗೆ ಸೂಜಿ ಚುಚ್ಚಿದಳು. ಹೊರಡುವ ಮುನ್ನ ಐವರಿಗೂ ಒಟ್ಟಿಗೆ ಹೇಳಿದಳು: ಇವತ್ತಿನದು ಮೊದಲನೆಯದು. ಇನ್ನು ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೆಂಟನೆಯ ದಿನ. ಒಂದನ್ನೂ ತಪ್ಪಿಸುವ ಹಾಗಿಲ್ಲ, ತಪ್ಪಿದರೆ ಜೀವದ ಮಾತು. ಆಮೇಲೆ ಗೌಡನಿಗೆ ಮೆಲ್ಲಗೆ ಹೇಳಿದಳು:

“ಇಪ್ಪತ್ತೆಂಟನೇ ದಿನ ಈ ಬಾಗಿಲಿಗೆ ಬೀಗ ಇರತೈತಿ. ನಿಮಗ ಗಾಡಿ ಐತಿ, ಜಿಲ್ಲಾಕ್ಕ ಹೋಗಿ ಹಾಕಿಸ್ಕೋತೀರಿ. ಇವರಿಗೆ ನಾ ಏನ ಹೇಳ್ಲಿ, ನೀವೇ ಹೇಳಿಕೊಡ್ರಿ.”

ಗೌಡ ಎದ್ದ. ಹರಿದ ಧೋತರ ಮುಚ್ಚಿಕೊಂಡು ಮನೆಗೆ ಹೋದ.

ಮೂರನೆಯ ದಿನ ಅವನು ಗಾಡಿ ಹೂಡಿಸಿ ಜಿಲ್ಲೆಗೆ ಹೋಗುತ್ತಾನೆ ಎಂದೇ ದಾದಿ ತಿಳಿದಿದ್ದಳು. ಬೆಳಗ್ಗೆ ಅವಳು ಐಸ್ ಹೊತ್ತು ಬರುವಾಗ ಬಡಗಿಯೊಬ್ಬ ಹಲಗೆಯ ಮೊಳೆ ಬಡಿಯುತ್ತಿದ್ದ. ಗೌಡ ಈ ತುದಿಗೆ ಕೂತಿದ್ದ. ಅವತ್ತು ಡಾಕ್ಟರು ಇರಲಿಲ್ಲ. ದಾದಿ ಒಬ್ಬಳೇ ಜ್ವರ ನೋಡಿ, ಗಾಯ ಕಟ್ಟಿ, ಸೂಜಿ ಕೊಟ್ಟು ಮುಗಿಸುವಾಗ ಮಧ್ಯಾಹ್ನವಾಯಿತು. ದಿನಾ ಹೀಗೇ ಏನು ಎಂದು ಗೌಡ ಬಳೆಗಾರನನ್ನು ಕೇಳಿದ. ಇವತ್ತು ಲಗೂನ ಆತ್ರಿ, ಬ್ಯಾರೆ ದಿನ ಸಂಜಿ ಆಗತೈತಿ ಎಂದ ಬಳೆಗಾರ.

ಗೌಡ ಗಾಡಿ ಹೂಡಿಸಿದ್ದು ಅದರ ಮರುದಿನ. ಜಿಲ್ಲೆಯ ಕಚೇರಿಗೆ ಹೋಗಿ, ಸಾಹೇಬರ ಬಾಗಿಲ ಮುಂದೆ ಸಂಜೆಯ ತನಕ ಕೂತ. ಕಾಯುವುದನ್ನು ಅವನು ಅಷ್ಟರಲ್ಲಿ ಕಲಿತಿದ್ದ. ಏಳನೆಯ ದಿನಕ್ಕೆ ನೀರಿನ ಗಡಿಗೆ ಬಂತು, ಹಂಚು ಕೂತವು. ಹದಿನಾಲ್ಕನೆಯ ದಿನಕ್ಕೆ ಡಾಕ್ಟರು ದಿನಾ ಬರುತ್ತಿದ್ದರು, ಫ್ರಿಜ್ ಗುಂಯ್ ಎನ್ನುತ್ತಿತ್ತು. ಐಸ್‌ಕ್ಯಾಂಡಿಯವನು ದಾದಿ ಬರಲಿಲ್ಲವೆಂದು ಕಾಳಜಿಯಿಂದ ಆಸ್ಪತ್ರೆಗೇ ಬಂದು ವಿಚಾರಿಸಿಕೊಂಡು ಹೋದ.

ಮುಚ್ಚುವ ದಿನ ಬಂತು. ಗೌಡ ಬೀಗ ಹಿಡಿದು ಬಂದ. ದಾದಿ ಬಾಗಿಲಿಗೆ ಬಂದು ನಿಂತಳು. ಅವನು ಬೀಗವನ್ನು ಅವಳ ಕೈಗೆ ಕೊಟ್ಟು, ಔಷಧದ ಕಪಾಟಿಗೆ ಚಿಲಕ ಸರಿಯಿಲ್ಲ, ಅದಕ್ಕೆ ಹಾಕವ್ವ ಎಂದ. ಅವಳು ಅಲ್ಲೇ ಕೂತು ಅತ್ತುಬಿಟ್ಟಳು. ಅಷ್ಟು ದಿನದಲ್ಲಿ ಅತ್ತಿದ್ದು ಅದೊಂದೇ ಸಲ.

ಇಪ್ಪತ್ತೆಂಟನೆಯ ದಿನ ಐವರೂ ಕಡೆಯ ಸೂಜಿಗೆ ಬಂದರು. ಗೌಡ ಮೆಟ್ಟಿಲು ಹತ್ತಿದಾಗ ಅಗಸಗಿತ್ತಿ ಏಳಲಿಲ್ಲ. ಬರ್ರಿ ಎಂದು ಸರಿದು ಜಾಗ ಮಾಡಿದಳು. ಅವತ್ತು ವರ್ತಕನೂ ಬಂದಿದ್ದ. ಬಹಳ ಹೊತ್ತು ಆ ಹಲಗೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ದಾದಿಗೆ ಹೇಳಿದ: “ನನ್ನಾಕಿ ಇಲ್ಲಿ ಕಾಯುವಾಗ ಗೌಡ್ರು ಬಾಜೂಕ ಕೂತಿದ್ರ, ನಾ ದವಾಖಾನಿ ಕಟ್ಟೂದು ಬೇಕಿರಲಿಲ್ಲವ್ವ.” ದಾದಿ ಅವನಿಗೆ ಹೊಸ ಗಡಿಗೆಯ ನೀರು ಕೊಟ್ಟಳು.

ಅಜ್ಜನವರು ಕತೆ ನಿಲ್ಲಿಸಿದರು.

“ಹಂಗಾರ ನಾಳೆ ಬ್ಯಾಡ ಅಂತ ಕೈ ಎತ್ತಲೇನ್ರಿ ಅಜ್ಜಾರ?” ಎಂದಳು ಮಹಾನಂದಾ.

“ಎತ್ತು ಅಂತ ನಾ ಅಂದಿಲ್ಲ.”

“ಆ ಗೌಡಗ ನಾಯಿ ಕಚ್ಚಿ ಎಲ್ಲಾ ತಿಳೀತು. ನಮ್ಮೂರ ದವಾಖಾನಿ ಹ್ಯಾಂಗ ಐತೋ ನನಗ ಹ್ಯಾಂಗ ತಿಳೀಬೇಕ್ರಿ?”

“ಸಭೆ ಎಷ್ಟಕ್ಕ?”

“ಮಧ್ಯಾಹ್ನ ಮೂರಕ್ರಿ.”

“ದವಾಖಾನಿ ಬೆಳಿಗ್ಗೆ ಒಂಬತ್ತಕ್ಕ ತೆರೀತಾರ,” ಎಂದರು ಅಜ್ಜನವರು.

ಮಹಾನಂದಾ ತಲೆ ತಗ್ಗಿಸಿದಳು. ಅಜ್ಜನವರು ಏಳುತ್ತ, ಒಂದೇ ಒಂದು ಮಾತು ಕೇಳಿದರು:

“ನಿನ್ನನ್ನೂ ಪಾಳಿಯೊಳಗ ನಾಯೀನೇ ಬಂದು ಕೂಡಿಸಬೇಕೇನವ್ವಾ?”