ಸಾರಿನ ತಳ

ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಅಡುಗೆಯವನು. ಕ್ಯಾಂಟೀನಿನೊಳಗೆ ಮೊದಲು ನನ್ನ ಹೊಟ್ಟೆ ಬರುತ್ತದೆ, ಆಮೇಲೆ ನಾನು.

ಒಂದೇ ವಾರದಲ್ಲಿ ಮೂವರು ಹೊಲಿಗೆ ಹೆಂಗಸರು ತಲೆ ಸುತ್ತಿ ಬಿದ್ದರು. ಊಟ ಪರೀಕ್ಷಿಸಲು ಡಾಕ್ಟರಮ್ಮ ಬರುತ್ತಾರೆಂದು ಸುದ್ದಿ ಬಂತು. ಮ್ಯಾನೇಜರ್ ಪದ್ಮರಾಜಯ್ಯ ನನ್ನನ್ನು ಕರೆಸಿದರು.

"ಮುಂದೆ ನಿಂತ್ಕೊಂಡು, ಈ ಹೊಟ್ಟೆ ನಮ್ಮ ಕ್ಯಾಂಟೀನ್ ಊಟದಿಂದಲೇ ಬಂದದ್ದು ಅನ್ನು. ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಸುಳ್ಳು ಹೇಳುವ ಕಷ್ಟವೇನೂ ಇರಲಿಲ್ಲ. ಅದು ನಿಜವೇ ಆಗಿತ್ತು.

ಡಾಕ್ಟರಮ್ಮ ಬಂದಾಗ ಹೊಟ್ಟೆ ಸವರಿಕೊಂಡು ಹೇಳಿದೆ: "ಇದು ಇಲ್ಲಿನ ಊಟದ್ದೇ ಮೇಡಂ."

ಮ್ಯಾನೇಜರ್ ಮುಖ ಅರಳಿತು.

"ಮತ್ತೆ ಹೆಂಗಸರು ಯಾಕೆ ಹೀಗೆ ಬಡಕಲಾಗಿದಾರೆ?" ಡಾಕ್ಟರಮ್ಮ ಕೇಳಿದರು.

"ಅವರು ಮೊದಲು ಉಣ್ತಾರೆ ಮೇಡಂ, ಸಾರಿನ ಮೇಲಿನ ತಿಳಿ ಸಿಗುತ್ತೆ. ನಾನು ಕೊನೆಗೆ ಉಣ್ಣೋನು. ಬೇಳೆಯೆಲ್ಲಾ ತಳದಲ್ಲಿರುತ್ತೆ."

"ಮುನ್ನೂರು ಜನಕ್ಕೆ ಎಷ್ಟು ಬೇಳೆ ಹಾಕ್ತೀಯ?"

"ಸಾಹೇಬ್ರು ದಿನಾ ಅರ್ಧ ಕೆಜಿ ಕೊಡ್ತಾರೆ ಮೇಡಂ. ನಂಗೆ ಧಾರಾಳವಾಗಿ ಸಾಕು."

ಅರಳಿದ ಮುಖ ಅಲ್ಲೇ ಬಾಡಿತು.

ಮರುದಿನದಿಂದ ದಿನಾ ಹತ್ತು ಕೆಜಿ ಬೇಳೆ ಬರತೊಡಗಿತು. ಬಡಿಸುವ ಮುಂಚೆ ತಳದಿಂದ ಚೆನ್ನಾಗಿ ಕದಡಬೇಕೆಂದು ಡಾಕ್ಟರಮ್ಮನ ಅಪ್ಪಣೆ. ಕೊನೆಗೆ ಉಣ್ಣುವ ನನಗೂ ಈಗ ಎಲ್ಲರಷ್ಟೇ ಬೇಳೆ.

ಮೊನ್ನೆ ಹೊಲಿಗೆ ಹೆಂಗಸರೇ ನನ್ನನ್ನು ತಡೆದು ಕೇಳಿದರು: "ಯಾಕಣ್ಣಾ ಇಷ್ಟು ಇಳಿದುಹೋಗಿದೀಯ? ಕ್ಯಾಂಟೀನ್ ಊಟ ಸರಿಹೋಗ್ತಿಲ್ವಾ?"