ಎದೆಯೊಳಗಿನ ಕಾವಲುಗಾರರು

"ಕೇಳಿರಪ್ಪಾ ಕೇಳಿ. ರಾಜಕುಮಾರಿ ಚಂದ್ರಲಾದೇವಿಗೆ ಕ್ಷಯ ಹಿಡಿದಿದೆ. ಮದ್ದಿದೆ, ಕೊಡುವ ಕ್ರಮ ಬಲ್ಲವರಿಲ್ಲ. ಸತ್ತ ಅರಮನೆ ವೈದ್ಯರು ಓಲೆಯಲ್ಲಿ ಬರೆದಿಟ್ಟ ಮೂರು ಒಗಟು ಬಿಡಿಸಿದವನೇ ಹೊಸ ವೈದ್ಯ. ಮದ್ದಿನ ಕೋಣೆಯ ಬೀಗದ ಕೈ ಅವನಿಗೆ, ಅರ್ಧ ರಾಜ್ಯವೂ ಅವನಿಗೆ. ತಪ್ಪಿದವನಿಗೆ ತಲೆದಂಡ."

ಸೋಮಗಿರಿಯ ದೊರೆ ಹೀಗೆ ಡಂಗುರ ಹೊಡೆಸಿ ತಿಂಗಳಾಯಿತು. ಕೋಟೆ ಬಾಗಿಲ ಮೇಲೆ ಐದು ತಲೆಗಳು ಒಣಗುತ್ತಿದ್ದವು. ರಾಜಕುಮಾರಿ ಉಗುಳುವ ಬಟ್ಟಲು ತೊಳೆಯುವ ಚೌಡ ದಿನಾ ಅವುಗಳ ಕೆಳಗೇ ಹಾದು ಬರುತ್ತಿದ್ದ. ಮನೆಯಲ್ಲಿ ತಂಗಿ ಹೊನ್ನಿಗೂ ಅದೇ ಕೆಮ್ಮು, ಅದೇ ರಕ್ತ. ಅವಳ ಮದ್ದು ಆ ಬೀಗದ ಹಿಂದಿತ್ತು. ಹೊನ್ನಿ ಗಂಜಿಯನ್ನೂ ಬೇಡವೆಂದ ದಿನ ಅವನು ಸಭೆಗೆ ಹೋಗಿ ಒಗಟು ಬಿಡಿಸುವವರ ಸಾಲಿನಲ್ಲಿ ನಿಂತ.

ಮುಂದಿದ್ದ ಗುಂಡಾಶಾಸ್ತ್ರಿಗಳು ತಿರುಗಿ ನೋಡಿದರು. "ಏನೋ, ಇಲ್ಲೂ ಬಟ್ಟಲು ತೊಳೆಯೋಕೆ ಬಂದ್ಯಾ?"

ರಾಜಕುಮಾರಿ ಪರದೆಯ ಹಿಂದಿನಿಂದ, ನಡುನಡುವೆ ಉಸಿರಿಗೆ ನಿಂತು, ಒಗಟಿನ ಓಲೆ ಓದಿದಳು. "ಕಾವಲುಗಾರ ಕಳ್ಳನನ್ನು ನುಂಗಿದ. ಆದರೂ ಮನೆಗೆ ಕಾಟ ತಪ್ಪಲಿಲ್ಲ. ಕಳ್ಳ ಎಲ್ಲಿದ್ದಾನೆ?"

ಶಾಸ್ತ್ರಿಗಳು ಅವಳ ಮಣಿಕಟ್ಟಿಗೆ ಕಟ್ಟಿದ ರೇಷ್ಮೆ ದಾರವನ್ನು ಪರದೆಯ ಈಚೆ ಹಿಡಿದು ನಾಡಿ ನೋಡಿದರು. ಹಿಂದೆ ಸೋತ ಐವರೂ ಹಾಗೇ ನೋಡಿದ್ದರು. ಮೈಲಿಗೆಯೆಂದು ಉಗುಳಿನ ಬಟ್ಟಲಿನ ಮುಚ್ಚಳವನ್ನು ಒಬ್ಬರೂ ತೆಗೆದಿರಲಿಲ್ಲ.

"ನಾಡಿಯಲ್ಲಿದ್ದಾನೆ," ಎಂದರು. ಮಂತ್ರಿ ಕೈಯಲ್ಲಿದ್ದ ಉತ್ತರದ ಓಲೆ ನೋಡಿ ಅಲ್ಲವೆಂದ. ಭಟರು ಅವರನ್ನು ಎಳೆದೊಯ್ದರು.

ಚೌಡ ಮುಂದೆ ಬಂದ. "ಕಾವಲುಗಾರನ ಹೊಟ್ಟೆಯಲ್ಲೇ ಇದಾನೆ ತಾಯೀ. ಅಲ್ಲೇ ಉಂಡು ಅಲ್ಲೇ ಬೆಳೀತಾನೆ. ಎದೆಯಲ್ಲಿ ಕಣ್ಣಿಗೆ ಕಾಣದ ಕಾವಲುಗಾರರಿದಾರೆ, ಕಳ್ಳ ಅಂದ್ರೆ ಈ ಕಾಯಿಲೆಯ ಹುಳ ಅಂತ ಹಳೇ ವೈದ್ಯರು ಬಟ್ಟಲು ತೋರಿಸಿ ಹೇಳೋರು."

ರಾಜಕುಮಾರಿ ಎರಡನೆಯದನ್ನು ಓದಿದಳು. "ಮನೆ ಉರಿಯುತ್ತಿದೆ. ಬೆಂಕಿ ಹಚ್ಚಿದವನು ಕಳ್ಳನಲ್ಲ. ಮತ್ತೆ ಯಾರು?"

"ಕಾವಲುಗಾರರೇ. ಕಳ್ಳನ್ನ ಸುಡೋ ಸಿಟ್ಟಲ್ಲಿ ಗೋಡೇನೂ ಸುಡ್ತಾರೆ. ಬಟ್ಟಲಿಗೆ ಬೀಳೋ ಕೀವು ಸತ್ತ ಕಾವಲುಗಾರರು. ರಕ್ತ, ಸುಟ್ಟ ಗೋಡೇದು."

ಪರದೆಯ ಹಿಂದೆ ಬಹಳ ಹೊತ್ತು ಕೆಮ್ಮು. ಆಮೇಲೆ ಮೂರನೆಯದು. "ಇಡಿಯಾಗಿ ಕೊಟ್ಟರೆ ಒಬ್ಬರನ್ನು ಉಳಿಸುತ್ತದೆ, ಹಂಚಿದರೆ ಇಬ್ಬರನ್ನೂ ಕೊಲ್ಲುತ್ತದೆ. ಯಾವುದು?"

"ಮದ್ದು ತಾಯೀ. ಅರ್ಧ ಮದ್ದಿಗೆ ಕಳ್ಳ ಮೂರ್ಛೆ ಹೋಗ್ತಾನೆ, ಸಾಯಲ್ಲ. ಸತ್ತ ಅಂದ್ಕೊಂಡು ಕಾವಲುಗಾರರು ಚದುರಿ ಹೋಗ್ತಾರೆ. ಆಮೇಲೆ ಎದ್ದವನು ಮದ್ದಿಗೂ ಹೆದರಲ್ಲ."

ಮಂತ್ರಿ ಉತ್ತರದ ಓಲೆ ನೋಡಿ ಎಲ್ಲವೂ ಸರಿಯೆಂದು ತಲೆಯಾಡಿಸಿದ. ದೊರೆ ಸಿಂಹಾಸನದಿಂದ ಇಳಿದು ಬಂದು ಚೌಡನ ಕೈಗೆ ಬೀಗದ ಕೈ ಇಟ್ಟ.

"ಬುದ್ಧೀ, ರಾಜ್ಯ ಬೇಡ. ನನ್ನ ತಂಗಿಗೂ ಇದೇ ಕಾಯಿಲೆ. ಅವಳಿಗೆ ಮದ್ದು ಕೊಡಿಸಿ."

ದೊರೆ ನೆಲ ನೋಡಿದ. "ಉಳಿದಿರೋದು ಒಂದೇ ಭರಣಿಯಪ್ಪಾ. ಒಬ್ಬರು ವಾಸಿಯಾಗೋಕೆ ಬೇಕಾದ ಆರು ತಿಂಗಳಿನಷ್ಟೇ ಇದೆ. ಅದನ್ನ ಕಾಯಿಸೋದು ಗೊತ್ತಿದ್ದವರು ಸತ್ತರು."

ಪರದೆ ಸರಿಯಿತು. ರಾಜಕುಮಾರಿಗೆ ಹೊನ್ನಿಯದೇ ವಯಸ್ಸು, ಅದೇ ಗುಳಿಬಿದ್ದ ಕಣ್ಣು. "ಅರ್ಧ ಅವಳಿಗೆ ಕೊಡು," ಎಂದಳು. ಹೇಳಿದ ಮೇಲೆ ಮೂರನೇ ಒಗಟು ನೆನಪಾಗಿ ಓಲೆಯನ್ನು ಮಡಿಲಿಗೆ ಇಳಿಸಿದಳು.

ಚೌಡ ಭರಣಿ ತೆರೆದು ಮೊದಲ ಗುಟುಕು ಅಳೆದ. ಒಂದು ಹನಿ ಚೆಲ್ಲಿತು. ಇನ್ನೊಮ್ಮೆ ಅಳೆದ.

"ಕುಡೀರಿ ತಾಯೀ. ಒಂದಿನಾನೂ ಬಿಡಬಾರದು."

ಸಂಜೆ ಅವನನ್ನು ಪಲ್ಲಕ್ಕಿಯಲ್ಲಿ ಗುಡಿಸಲಿಗೆ ಕಳಿಸಿದರು. ಹೊನ್ನಿ ಗೋಡೆಗೊರಗಿ ಕೂತಿದ್ದಳು.

"ಹೊರಗೆ ಯಾರ ಪಲ್ಲಕ್ಕಿ ಅಣ್ಣಾ?"

"ದಾರಿ ತಪ್ಪಿ ಬಂದಿದೆ. ನೀನು ಮಲಕ್ಕೋ," ಎಂದು ಅವಳ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದ.